ಸ್ವೆಟರ್ ಕಡಿಮೆ ಒಯ್ಯಿರಿ, ತೊಗರಿ ಬೇಳೆ ಜಾಸ್ತಿ ಒಯ್ಯಿರಿ

ರಜೆಗೆ ಕಲಬುರಗಿಗೆ ಬಂದು ಹತ್ತು ದಿನವಾಯ್ತು. ಹೊರಗೆ 42 ಡಿಗ್ರಿ. ಕೂಲರ್‌ಗೆ ನೀರು ತುಂಬಿ ಅದರ ಮುಂದೆಯೇ ಕೂತರೂ ಬೆವರು ನಿಲ್ಲುವುದಿಲ್ಲ. ಇಂಥದ್ದರಲ್ಲಿ ಮನೆಗೆ ಬಂದವರೆಲ್ಲ ಕೇಳುವುದು ಹಿಮದ ಬಗ್ಗೆ! ನಮ್ಮ ಓಣಿಯ ಇಬ್ಬರು ಹುಡುಗರು, ಒಬ್ಬಳು ಹುಡುಗಿ ಈ ಅಕ್ಟೋಬರ್‌ಗೆ ಜರ್ಮನಿಗೆ ಓದಲು ಹೊರಟಿದ್ದಾರೆ. ಮೂವರದೂ ಒಂದೇ ಪ್ರಶ್ನೆ. "ಅಕ್ಕಾ, ಅಲ್ಲಿ ಥಂಡಿ ಭಾಳ ಇರ್ತದೇನು?"

ಇರ್ತದೆ. ಆದರೆ ಥಂಡಿಗೆ ಬಟ್ಟೆ ಸಿಗುತ್ತದೆ. ನನ್ನನ್ನು ಮೊದಲ ವರ್ಷ ಹಣ್ಣುಗಾಯಿ ಮಾಡಿದ್ದು ಕತ್ತಲೆ. ಅದರ ಬಗ್ಗೆ ಹೋಗುವ ಮುಂಚೆ ನನಗೆ ಯಾರೂ ಹೇಳಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಓದುತ್ತಿರುವುದು ಕೆಮ್ನಿಟ್ಸ್‌ನಲ್ಲಿ. ಜರ್ಮನಿಯ ಪೂರ್ವಕ್ಕೆ, ಸ್ಯಾಕ್ಸನಿ ರಾಜ್ಯದ ಊರು. 1953ರಿಂದ 1990ರವರೆಗೆ ಇದರ ಹೆಸರು ಕಾರ್ಲ್ ಮಾರ್ಕ್ಸ್ ನಗರ ಎಂದಿತ್ತು. ಈಗಲೂ ಊರ ನಡುವೆ ಆತನ ಏಳು ಮೀಟರ್ ಎತ್ತರದ ಕಂಚಿನ ತಲೆ ಇದೆ, ಬರೀ ತಲೆ. ಹಿಮ ಬಿದ್ದಾಗ ಅದಕ್ಕೆ ಬಿಳಿ ಟೋಪಿ ಹಾಕಿದ ಹಾಗೆ ಕಾಣುತ್ತದೆ. ಊರಿನ ದಕ್ಷಿಣಕ್ಕೆ ಎರ್ಟ್ಸ್‌ಗೆಬಿರ್ಗೆ ಬೆಟ್ಟಗಳು, ಅದರಾಚೆ ಚೆಕ್ ದೇಶ.

ಮೊದಲು ಸಾಮಾನಿನ ಮಾತು. ನಾನು ಹೊರಡುವಾಗ ಅವ್ವ ಸೂಪರ್ ಮಾರ್ಕೆಟ್‌ಗೆ ಹೋಗಿ ನಾಲ್ಕು ಸ್ವೆಟರ್, ಎರಡು ಮಂಕಿ ಕ್ಯಾಪ್, ಒಂದು ದಪ್ಪ ಶಾಲು ತಂದಿದ್ದಳು. 23 ಕಿಲೋ ಬ್ಯಾಗಿನಲ್ಲಿ ಆರು ಕಿಲೋ ಬರೀ ಉಣ್ಣೆ! ಅದರಲ್ಲಿ ಒಂದು ಸ್ವೆಟರ್ ಈಗ ನನ್ನ ತಲೆದಿಂಬು. ಅಲ್ಲಿ ಮನೆ, ಕ್ಲಾಸು, ಲೈಬ್ರರಿ ಎಲ್ಲ ಕಡೆ ಹೀಟರ್ ಇರುತ್ತದೆ, ಒಳಗೆ ಟೀ ಶರ್ಟ್ ಸಾಕು. ಹೊರಗೆ ಬೇಕಾದದ್ದು ಗಾಳಿ, ನೀರು ಒಳಗೆ ಬಿಡದ ಒಂದು ಒಳ್ಳೆಯ ಜಾಕೆಟ್. ನಮ್ಮಲ್ಲಿ ಸಿಗುವ ಜಾಕೆಟ್ ನಮ್ಮ 15 ಡಿಗ್ರಿ ರಾತ್ರಿಗೆ ಹೊಲಿದದ್ದು. ಇಲ್ಲಿಂದ ಎರಡು ಜೊತೆ ಥರ್ಮಲ್ ಒಳಉಡುಪು ಒಯ್ಯಿರಿ ಸಾಕು. ಜಾಕೆಟ್, ಶೂ ಅಲ್ಲೇ ತಗೊಳ್ಳಿ. ಹಳೆ ಬಟ್ಟೆ ಅಂಗಡಿಯಲ್ಲಿ ನನಗೆ ಚೆಂದದ ಜಾಕೆಟ್ ಸಿಕ್ಕಿತು, ಈವರೆಗೆ ಒಂದು ಹೊಲಿಗೆ ಬಿಚ್ಚಿಲ್ಲ. ಶೂ ಮಾತ್ರ ಹೊಸದೇ ಬೇಕು. ದಪ್ಪ ಕಾಲುಚೀಲ ಹಾಕಿದ ಮೇಲೆ ಬೆರಳು ಆಡಬೇಕು, ಅಷ್ಟು ದೊಡ್ಡದು ನೋಡಿ.

ಈ ಖರ್ಚಿಗೆ ಬೇರೆ ದುಡ್ಡು ಇಟ್ಟುಕೊಳ್ಳಿ. ವೀಸಾಕ್ಕೆ ವರ್ಷದ ಖರ್ಚನ್ನು ಮೊದಲೇ ತುಂಬಿಡುವ ಖಾತೆಗೆ ಬ್ಲಾಕ್ಡ್ ಅಕೌಂಟ್ ಅಂತಾರೆ. ಅದರಲ್ಲಿ ಈಗಿನ ಲೆಕ್ಕಕ್ಕೆ ವರ್ಷಕ್ಕೆ 11,904 ಯೂರೋ ಇಡಬೇಕು, ಅದರಿಂದ ತಿಂಗಳಿಗೆ ಕೈಗೆ ಬರುವುದು 992. ಮೊದಲ ತಿಂಗಳು ಬಾಡಿಗೆ, ಡಿಪಾಸಿಟ್ ಕೊಟ್ಟ ಮೇಲೆ ಶೂ ತಗೊಳ್ಳಲು ಏನೂ ಉಳಿಯುವುದಿಲ್ಲ. ನಾನು ನವೆಂಬರ್ ಪೂರ್ತಿ ಬಾಟಾ ಕ್ಯಾನ್ವಾಸ್ ಶೂನಲ್ಲಿ ಕಳೆದೆ.

ಉಣ್ಣೆ ಬಿಟ್ಟ ಜಾಗದಲ್ಲಿ ತೊಗರಿ ಬೇಳೆ ತುಂಬಿ. ಅಲ್ಲಿ ಬೇಳೆ ಸಿಗುವುದಿಲ್ಲ ಅಂತಲ್ಲ, ಸಿಗುತ್ತದೆ, ಆದರೆ ಅದು ನಮ್ಮ ಕಲಬುರಗಿ ಬೇಳೆಯ ಹಾಗೆ ಕರಗುವುದಿಲ್ಲ. ಸುಮ್ನೆ ಊರ ಅಭಿಮಾನಕ್ಕೆ ಹೇಳುತ್ತಿಲ್ಲ, ನಮ್ಮ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ವಿಶೇಷ ಎಂಬ ಭೌಗೋಳಿಕ ಗುರುತು ಸಿಕ್ಕಿದೆ. ಶೇಂಗಾ ಹಿಂಡಿ, ಖಾರದ ಪುಡಿ, ಕಡಕ್ ರೊಟ್ಟಿ ಆರಾಮಾಗಿ ಒಯ್ಯಬಹುದು. ರೊಟ್ಟಿ ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಇಲ್ಲದಿದ್ದರೆ ಮುಟ್ಟುವಷ್ಟರಲ್ಲಿ ಪುಡಿ. ತುಪ್ಪ, ಪೇಡಾ, ಖೋವಾ ಮಾತ್ರ ಬೇಡ. ಹೊರದೇಶದಿಂದ ಹಾಲಿನ ಪದಾರ್ಥ, ಮಾಂಸ ತರುವುದಕ್ಕೆ ಯುರೋಪಿಯನ್ ಯೂನಿಯನ್‌ನಲ್ಲಿ ನಿಷೇಧ ಇದೆ. ಕಸ್ಟಮ್ಸ್‌ನವರು ನೋಡಿದರೆ ಅಜ್ಜಿ ಕಾಸಿದ ತುಪ್ಪ ನೇರ ಕಸದ ಡಬ್ಬಿಗೆ.

ದಾರಿ ನಮಗೆ ಹೈದರಾಬಾದ್ ಮೇಲಿಂದಲೇ ಸಲೀಸು. 2024ರ ಜನವರಿಯಿಂದ ಅಲ್ಲಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನ ಶುರುವಾಗಿದೆ. ಮುಂದೆ ರೈಲು, ಲೈಪ್‌ಜಿಗ್‌ನಲ್ಲಿ ಬದಲಾಯಿಸಬೇಕು. ಜರ್ಮನಿಯ ರೈಲು ಗಡಿಯಾರದ ಹಾಗೆ ಓಡುತ್ತದೆ ಎಂಬ ಮಾತು ಇಲ್ಲೇ ಬಿಟ್ಟು ಹೋಗಿ. ನಡುವೆ ಒಂದು ತಾಸಾದರೂ ಬಿಡುವು ಇರುವ ಟಿಕೆಟ್ ಮಾಡಿಸಿ.

ಈಗ ಕತ್ತಲೆಯ ವಿಷಯ. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ಇಡುತ್ತಾರೆ. ನಮಗೂ ಅವರಿಗೂ ಇರುವ ಮೂರೂವರೆ ತಾಸಿನ ಅಂತರ ಅವತ್ತಿಂದ ನಾಲ್ಕೂವರೆ. ಅವ್ವನಿಗೆ ಇದು ಇನ್ನೂ ಅರ್ಥವಾಗಿಲ್ಲ, "ನಿನ್ನೆ ಇದೇ ಟೈಮಿಗೆ ಫೋನ್ ಎತ್ತಿದ್ದಿ, ಇವತ್ಯಾಕ ಮಲಗಿದ್ದಿ" ಅಂತಾಳೆ. ಡಿಸೆಂಬರ್‌ನಲ್ಲಿ ಸೂರ್ಯ ಹುಟ್ಟುವುದು ಎಂಟರ ಸುಮಾರಿಗೆ, ಮುಳುಗುವುದು ನಾಲ್ಕಕ್ಕೆ. ಅದೂ ಮೋಡದ ಹಿಂದೆ. ಕತ್ತಲಲ್ಲಿ ಲ್ಯಾಬಿಗೆ ಹೋಗುತ್ತಿದ್ದೆ, ಕತ್ತಲಲ್ಲಿ ಬರುತ್ತಿದ್ದೆ. ಬಿಸಿಲನ್ನು ಬೈದುಕೊಂಡೇ ಬೆಳೆದವಳು ನಾನು. ಮೂರನೇ ವಾರಕ್ಕೆ ಯಾರ ಜೊತೆಗೂ ಮಾತು ಬೇಡ, ಊಟ ಬೇಡ, ಬರೀ ನಿದ್ದೆ. ಡಾಕ್ಟರ್ ಹತ್ತಿರ ಹೋದಾಗ ರಕ್ತ ಪರೀಕ್ಷೆ ಮಾಡಿ ವಿಟಮಿನ್ ಡಿ ಬರೆದುಕೊಟ್ಟರು. ಇನ್ನೊಂದು ಮಾತು ಹೇಳಿದರು: ಮಧ್ಯಾಹ್ನ ಹನ್ನೆರಡರಿಂದ ಒಂದರ ನಡುವೆ ಅರ್ಧ ತಾಸು ಹೊರಗೆ ನಡೆಯಬೇಕು, ಮೋಡ ಇದ್ದರೂ ಸರಿ. ಮಾತ್ರೆಗಿಂತ ಇದೇ ಜಾಸ್ತಿ ಕೆಲಸ ಮಾಡಿತು ಅಂತ ನನ್ನ ಅನಿಸಿಕೆ. ನೀವು ಮನಸ್ಸು ಕೆಡುವವರೆಗೂ ಕಾಯಬೇಡಿ, ನವೆಂಬರ್ ಒಂದರಿಂದಲೇ ನಡೆಯಲು ಶುರು ಮಾಡಿ.

ಮೊದಲ ಹಿಮ ಬಿದ್ದದ್ದು ನವೆಂಬರ್ ಕೊನೆಗೆ. ಬೆಳಗ್ಗೆ ಎದ್ದಾಗ ಏನೋ ವಿಚಿತ್ರ ಅನಿಸಿತು. ಸದ್ದೇ ಇಲ್ಲ. ರಸ್ತೆಯ ಕಾರಿನ ಸದ್ದೂ ಹತ್ತಿಯಲ್ಲಿ ಸುತ್ತಿಟ್ಟ ಹಾಗೆ. ಪರದೆ ಸರಿಸಿದರೆ ಬೆಳ್ಳಗೆ. ಚಪ್ಪಲಿಯಲ್ಲೇ ಕೆಳಗೆ ಓಡಿ ಅವ್ವನಿಗೆ ವಿಡಿಯೋ ಕಾಲ್ ಮಾಡಿದೆ. "ಅಯ್ಯ, ಹತ್ತಿ ಹೊಲ ಒಡದಂಗ ಆಗ್ಯದಲ್ಲ!" ಅಂದಳು. ಮುತ್ಯಾನಿಗೆ ತೋರಿಸುವಷ್ಟರಲ್ಲಿ ಫೋನ್ ಆಫ್. ಬ್ಯಾಟರಿ 40 ಪರ್ಸೆಂಟ್ ಇತ್ತು. ಥಂಡಿಗೆ ಹಾಗೇ ಆಗುತ್ತದೆ, ಫೋನನ್ನು ಜಾಕೆಟ್ಟಿನ ಒಳಗಿನ ಜೇಬಲ್ಲಿ ಇಡಿ.

ಸಂಜೆಗೆ ಅದೇ ಹಿಮ ಬೂದು ಬಣ್ಣದ ಕೆಸರಾಗಿತ್ತು. ಮೂರನೇ ದಿನ ಆ ನೀರು ರಾತ್ರಿ ಗಟ್ಟಿಯಾಗಿ ಗಾಜಿನ ಹಾಗೆ ಕೂತಿತ್ತು. ಹಿಮ ಯಾರನ್ನೂ ಬೀಳಿಸುವುದಿಲ್ಲ, ಬೀಳಿಸುವುದು ಈ ಕಣ್ಣಿಗೆ ಕಾಣದ ಮಂಜುಗಡ್ಡೆ. ಟ್ರಾಮ್ ಸ್ಟಾಪ್ ಎದುರೇ ಅಂಗಾತ ಬಿದ್ದೆ. ಚೀಲದಲ್ಲಿದ್ದ ಮೊಸರಿನ ಡಬ್ಬಿ ಒಡೆದು ಪುಸ್ತಕವೆಲ್ಲ ಮೊಸರು. ಅಲ್ಲಿದ್ದ ಅಜ್ಜರೊಬ್ಬರು ಎಬ್ಬಿಸಿ, ಎರಡು ಕೈ ಪಕ್ಕಕ್ಕೆ ಬಿಟ್ಟು ಪುಟ್ಟ ಪುಟ್ಟ ಹೆಜ್ಜೆ ಇಟ್ಟು ತೋರಿಸಿದರು. ಪೆಂಗ್ವಿನ್ ನಡಿಗೆ! ನಗಬೇಡಿ, ಹಾಗೇ ನಡೆಯಬೇಕು. ಕೈ ಜೇಬಲ್ಲಿ ಇಟ್ಟು ನಡೆದರೆ ಬೀಳುವಾಗ ಆಸರೆಯೇ ಇರುವುದಿಲ್ಲ.

ಬಾಡಿಗೆ ಮನೆಯಲ್ಲಿ ಇರುವವರು ಒಪ್ಪಂದ ಪೂರ್ತಿ ಓದಿ. ಕೆಲವು ಕಡೆ ಮನೆ ಮುಂದಿನ ಹಿಮ ತೆಗೆಯುವುದು ಬಾಡಿಗೆದಾರರ ಪಾಳಿ, ಅದೂ ಬೆಳಗ್ಗೆ ಏಳರೊಳಗೆ. ಮತ್ತೆ ಕಿಟಕಿ. ಎಷ್ಟೇ ಥಂಡಿ ಇರಲಿ, ದಿನಕ್ಕೆ ಎರಡು ಮೂರು ಸಲ ಐದು ನಿಮಿಷ ಪೂರ್ತಿ ತೆರೆದು ಗಾಳಿ ಆಡಿಸಬೇಕು. ನಾನು ಹುಚ್ಚಿ, ಕಿಟಕಿ ಬಿಗಿಯಾಗಿ ಮುಚ್ಚಿ ಒಳಗೆ ದಿನಾ ಬೇಳೆ ಕುದಿಸಿದೆ. ಆ ಹಬೆಗೆ ಗೋಡೆಯ ಮೂಲೆಯಲ್ಲಿ ಕಪ್ಪು ಬೂಷ್ಟು ಹಿಡಿಯಿತು. ಮನೆ ಬಿಡುವಾಗ ಮಾಲೀಕರು ಡಿಪಾಸಿಟ್‌ನಲ್ಲಿ ಮುರಿದುಕೊಂಡರು.

ಹಬ್ಬದ ಮೊದಲ ಪಾಠವೂ ಶೂನಿಂದಲೇ ಆಯ್ತು. ಡಿಸೆಂಬರ್ 5ರ ರಾತ್ರಿ ಮಕ್ಕಳು ಶೂ ತೊಳೆದು ಬಾಗಿಲ ಹೊರಗೆ ಇಡುತ್ತಾರೆ. ಸಂತ ನಿಕೊಲೌಸ್ ಬಂದು ಅದರಲ್ಲಿ ಸಿಹಿ ತುಂಬಿ ಹೋಗುತ್ತಾನೆ ಅಂತ ನಂಬಿಕೆ. ನನಗೇನು ಗೊತ್ತು? ಕೆಸರಾಗಿದೆ ಅಂತ ಶೂ ಹೊರಗಿಟ್ಟಿದ್ದೆ. ಬೆಳಗ್ಗೆ ಕ್ಲಾಸಿಗೆ ತಡವಾಗಿ ಕತ್ತಲಲ್ಲೇ ಕಾಲು ತೂರಿಸಿದೆ, ಪಚಕ್ ಅಂತು. ಪಕ್ಕದ ರೂಮಿನವಳು ಒಂದು ಕಿತ್ತಳೆ ಹಣ್ಣು, ಚಾಕಲೇಟ್ ಗೊಂಬೆ ಇಟ್ಟಿದ್ದಳು. ಅವತ್ತು ಕಾಲುಚೀಲವೆಲ್ಲ ಕಿತ್ತಳೆ ವಾಸನೆ. ಆದರೂ ಟ್ರಾಮಿನಲ್ಲಿ ಕೂತು ನಗುತ್ತಾ ಹೋದೆ, ಆ ತಿಂಗಳ ಮೊದಲ ನಗು.

ಅದೇ ವಾರ ಕಿಟಕಿಗಳು ಕಣ್ಣಿಗೆ ಬಿದ್ದವು. ಕ್ರಿಸ್ಮಸ್‌ಗೆ ನಾಲ್ಕು ಭಾನುವಾರ ಮುಂಚೆ ಆಡ್ವೆಂಟ್ ಶುರು. ಆಗಿನಿಂದ ಈ ಭಾಗದ ಮನೆಮನೆಯ ಕಿಟಕಿಯಲ್ಲೂ ಕಟ್ಟಿಗೆಯ ಒಂದು ಕಮಾನು, ಮೇಲೆ ಸಾಲಾಗಿ ದೀಪ. ಹೆಸರು ಶ್ವಿಬ್‌ಬೋಗನ್. ಎರ್ಟ್ಸ್‌ಗೆಬಿರ್ಗೆ ಅಂದರೆ ಅದಿರಿನ ಬೆಟ್ಟ. ನೂರಾರು ವರ್ಷ ಇಲ್ಲಿ ಬೆಳ್ಳಿ, ತವರ ತೆಗೆದರು. ಚಳಿಗಾಲದಲ್ಲಿ ಗಣಿಯವರು ಹೊತ್ತು ಹುಟ್ಟುವ ಮುಂಚೆ ಕೆಳಗಿಳಿದು, ಮುಳುಗಿದ ಮೇಲೆ ಮೇಲೆ ಬರುತ್ತಿದ್ದರು. ವಾರಗಟ್ಟಲೆ ಬೆಳಕೇ ಕಾಣದವರಿಗೆ ಮನೆ ದಾರಿಯಲ್ಲಿ ಕಾಣಲಿ ಅಂತ ಕಿಟಕಿಗೆ ದೀಪ. ಇದನ್ನು ನನ್ನ ಲ್ಯಾಬಿನ ಗೆಳತಿ ಹೇಳಿದಾಗ ನನಗೆ ಒಂದು ಗಳಿಗೆ ಮಾತು ಹೊರಡಲಿಲ್ಲ. ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುವವಳು ನಾನೂ ತಾನೇ? ಅವತ್ತೇ ಸಣ್ಣದೊಂದು ಕಮಾನು ತಂದು ಕಿಟಕಿಗೆ ಇಟ್ಟೆ. ಟ್ರಾಮ್ ಇಳಿದು ನೋಡಿದರೆ ಮೂರನೇ ಮಹಡಿಯಲ್ಲಿ ನನ್ನ ದೀಪ ಕಾಣುತ್ತಿತ್ತು.

ಕ್ರಿಸ್ಮಸ್ ಮಾರುಕಟ್ಟೆಗೆ ಒಬ್ಬರೇ ಆದರೂ ಹೋಗಿ. ಕೆಮ್ನಿಟ್ಸ್‌ದು ಟೌನ್ ಹಾಲ್ ಮುಂದೆಯೇ ಇರುತ್ತದೆ. ಹತ್ತಿರದ ಡ್ರೆಸ್ಡನ್‌ದು 1434ರಷ್ಟು ಹಳೆಯದು, ಆದರೆ ಶನಿವಾರ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ವಾರದ ದಿನ ಹೋಗಿ. ನನ್ನ ಹಾಗೆ ಸಸ್ಯಾಹಾರಿಗಳಾದರೆ ಆಲೂಗಡ್ಡೆ ದೋಸೆಯಂಥದ್ದು ಸೇಬಿನ ಗೊಜ್ಜಿನ ಜೊತೆ ಸಿಗುತ್ತದೆ, ಸಕ್ಕರೆಯಲ್ಲಿ ಹುರಿದ ಬಾದಾಮಿ ಸಿಗುತ್ತದೆ. ಬಿಸಿ ವೈನ್ ಬೇಡ ಅನ್ನುವವರು ಕಿಂಡರ್‌ಪುನ್ಶ್ ಕೇಳಿ, ಅದು ಮಸಾಲೆ ಹಾಕಿದ ಬಿಸಿ ಹಣ್ಣಿನ ರಸ. ಷ್ಟೋಲನ್ ಎಂಬ ಒಣಹಣ್ಣಿನ ಬ್ರೆಡ್‌ನಲ್ಲಿ ದ್ರಾಕ್ಷಿಯನ್ನು ಸಾಮಾನ್ಯವಾಗಿ ರಮ್‌ನಲ್ಲಿ ನೆನೆಸಿರುತ್ತಾರೆ, ಬೇಡದವರು ವಿಚಾರಿಸಿ ತಿನ್ನಿ. ಕಪ್ಪಿಗೆ ಡಿಪಾಸಿಟ್ ಹಿಡಿಯುತ್ತಾರೆ, ವಾಪಸ್ ಕೊಟ್ಟರೆ ದುಡ್ಡು ವಾಪಸ್. ಒಂದು ಅಂಗಡಿ ದಾಟುವಾಗ ಥಟ್ಟನೆ ನಿಂತೆ, ನಮ್ಮ ಬಂದೇನವಾಜ್ ದರ್ಗಾದ ಲೋಬಾನದ ವಾಸನೆ! ನೋಡಿದರೆ ಕಟ್ಟಿಗೆಯ ಪುಟ್ಟ ಮುದುಕನ ಗೊಂಬೆ, ಬಾಯಿಂದ ಧೂಪದ ಹೊಗೆ ಬಿಡುತ್ತಿತ್ತು.

ಡಿಸೆಂಬರ್ 24ಕ್ಕೆ ಮಧ್ಯಾಹ್ನ ಎರಡರ ಹೊತ್ತಿಗೆ ಅಂಗಡಿ ಬಂದ್. 25, 26 ಪೂರ್ತಿ ಬಂದ್. ಮಧ್ಯೆ ಭಾನುವಾರ ಸೇರಿದರೆ ಇನ್ನೊಂದು ದಿನ. 23ರೊಳಗೆ ಹಾಲು, ಮೊಸರು, ತರಕಾರಿ ತಂದಿಡಿ. ಹಾಸ್ಟೆಲ್ ಖಾಲಿಯಾಗುತ್ತದೆ. ಆ ಸಂಜೆ ಒಬ್ಬರೇ ಇರಬೇಡಿ, ಇದನ್ನು ಕೈಮುಗಿದು ಹೇಳುತ್ತೇನೆ. ಯಾರಾದರೂ ಮನೆಗೆ ಕರೆದರೆ ಸಂಕೋಚ ಬೇಡ, ಅವರು ಬಾಯಿ ಮಾತಿಗೆ ಕರೆಯುವವರಲ್ಲ. ಮಾಂಸ ತಿನ್ನುವುದಿಲ್ಲ ಅಂತ ಮುಂಚೆಯೇ ಹೇಳಿಬಿಡಿ.

ನನ್ನನ್ನು ಆ ಗೆಳತಿ ಬೆಟ್ಟದ ಹಳ್ಳಿಯ ತನ್ನ ಅಜ್ಜಿ ಮನೆಗೆ ಕರೆದೊಯ್ದಳು. ಅಲ್ಲಿ ಆ ರಾತ್ರಿಯ ಊಟಕ್ಕೆ ನಾಯ್ನರ್‌ಲಾ ಅಂತಾರೆ, ಒಂಬತ್ತು ಬಗೆ. ಒಂದೊಂದಕ್ಕೂ ಒಂದು ಅರ್ಥ. ಬೇಳೆ ತಿಂದರೆ ವರ್ಷವೆಲ್ಲ ಚಿಲ್ಲರೆ ದುಡ್ಡಿಗೆ ಕೊರತೆ ಇಲ್ಲ, ಆಲೂಗಡ್ಡೆ ಉಂಡೆ ತಿಂದರೆ ದೊಡ್ಡ ದುಡ್ಡಿಗೆ. ತಟ್ಟೆ ಕೆಳಗೆ ಒಂದು ನಾಣ್ಯ. ಊಟದ ಮಧ್ಯೆ ಯಾರೂ ಏಳುವ ಹಾಗಿಲ್ಲ. ನಾನು ರೂಢಿಯ ಮೇಲೆ ನೀರು ತರಲು ಎದ್ದೆ, ಅಜ್ಜಿ ಮೇಜು ಕುಟ್ಟಿ ಕೂರಿಸಿದರು. ಅರ್ಧ ಕಿಲೋ ತೊಗರಿ ಬೇಳೆ ಉಡುಗೊರೆ ಒಯ್ದಿದ್ದೆ. ಅವರ ಬೇಳೆ ಕಂದು ಬಣ್ಣದ್ದು. ನಮ್ಮದನ್ನು ಅಂಗೈಯಲ್ಲಿ ಹರವಿ ದೀಪದ ಹತ್ತಿರ ಹಿಡಿದು ನೋಡಿ, "ನಮ್ಮದು ತಾಮ್ರದ ಚಿಲ್ಲರೆ, ನಿಮ್ಮದು ಬಂಗಾರದ್ದು" ಅಂದರು. ಒಂಬತ್ತರಲ್ಲಿ ನಾನು ತಿಂದದ್ದು ಏಳು.

ಊರಲ್ಲಿ ಅಷ್ಟರಲ್ಲಿ ಹಿಮ ಕರಗಿ ಹೋಗಿತ್ತು. ಕ್ರಿಸ್ಮಸ್‌ಗೆ ಎಲ್ಲ ಕಡೆ ಹಿಮ ಇರುತ್ತದೆ ಅನ್ನುವುದು ಗ್ರೀಟಿಂಗ್ ಕಾರ್ಡಿನ ಸುಳ್ಳು. ಸರಿಯಾದ ಹಿಮ ಬೇಕಾದರೆ ಬೆಟ್ಟ ಹತ್ತಿ. ಕೆಮ್ನಿಟ್ಸ್‌ನಿಂದ ಕ್ರಾನ್‌ಟ್ಸಾಲ್‌ಗೆ ರೈಲು, ಅಲ್ಲಿಂದ ಓಬರ್‌ವೀಸೆಂಟಾಲ್‌ಗೆ 17 ಕಿಲೋಮೀಟರ್ ಹೊಗೆ ಬಂಡಿ, ನಿಜವಾದ ಕಲ್ಲಿದ್ದಲಿನ ಎಂಜಿನ್. ಮೇಲೆ ಫಿಖ್ಟೆಲ್‌ಬೆರ್ಗ್, 1,215 ಮೀಟರ್, ಸ್ಯಾಕ್ಸನಿಯ ಅತಿ ಎತ್ತರದ ಬೆಟ್ಟ. ಮೊಣಕಾಲು ಮಟ್ಟ ಹಿಮದಲ್ಲಿ ನಿಂತಾಗ ಮೋಡ ಸರಿದು ಬಿಸಿಲು ಬಿತ್ತು. ತಿಂಗಳಾದ ಮೇಲೆ ಕಂಡ ಬಿಸಿಲು. ಕಪ್ಪು ಕನ್ನಡಕ ಒಯ್ಯಿರಿ, ಹಿಮದ ಬೆಳಕು ಕಣ್ಣು ಕುಕ್ಕುತ್ತದೆ.

ಆ ವರ್ಷ ಎಳ್ಳ ಅಮಾಸಿ ಡಿಸೆಂಬರ್ 30ಕ್ಕೆ ಬಂದಿತ್ತು. ನಮ್ಮ ಕಡೆ ಅವತ್ತು ಮನೆಯಲ್ಲಿ ಯಾರೂ ಇರುವುದಿಲ್ಲ, ಎಲ್ಲರೂ ಹೊಲಕ್ಕೆ. ನನಗೆ ಬೆಳಗ್ಗೆ ಎಂಟು, ಇನ್ನೂ ಮಬ್ಬುಗತ್ತಲು. ಅಲ್ಲಿ ಮಧ್ಯಾಹ್ನ ಹನ್ನೆರಡೂವರೆ, ಕಣ್ಣು ಬಿಡಲಾಗದ ಬಿಸಿಲು. ಫೋನಿನಲ್ಲಿ ಕಾಕಾ ತೊಗರಿ ಸಾಲಿನ ನಡುವೆ ಚರಗ, ಅಂದರೆ ಭೂತಾಯಿಗೆ ಎಡೆಯ ತುತ್ತು, ಚೆಲ್ಲುತ್ತಿದ್ದರು. ಅವ್ವ ಭಜ್ಜಿ, ಸಜ್ಜಿ ರೊಟ್ಟಿಯ ಗಂಗಾಳ ಕ್ಯಾಮೆರಾ ಹತ್ತಿರ ಹಿಡಿದು "ಉಣ್ಣು" ಅಂದಳು. ನಾನೂ ಹಿಂದಿನ ರಾತ್ರಿ ಡಬ್ಬಿ ಬಟಾಣಿ, ಪಾಲಕ್, ಬದನೆಕಾಯಿ, ಕಡಲೆ ಹಿಟ್ಟು ಹಾಕಿ ಏನೋ ಒಂದು ಭಜ್ಜಿ ಮಾಡಿದ್ದೆ. ಅದನ್ನು, ಎರಡು ಚೂರು ಕಡಕ್ ರೊಟ್ಟಿಯನ್ನು ತಟ್ಟೆಯಲ್ಲಿ ಹಿಡಿದು ಹಿಂದಿನ ಹುಲ್ಲುಗಾವಲಿಗೆ ಇಳಿದೆ. ರಾತ್ರಿ ಮತ್ತೆ ಹಿಮ ಬಿದ್ದಿತ್ತು. ನಾಲ್ಕು ದಿಕ್ಕಿಗೂ ಒಂದೊಂದು ತುತ್ತು ಎಸೆದೆ.

ನಾಯಿ ಹಿಡಿದುಕೊಂಡು ಹೊರಟಿದ್ದ ಪಕ್ಕದ ಮನೆ ಅಜ್ಜಿ ನಿಂತು ನೋಡಿದರು. ಹಕ್ಕಿಗಳಿಗಾ ಅಂತ ಕೇಳಿದರು. ಹೌದು ಅಂದೆ. ಹೋಗುವಾಗ ಅವರು "ಗೂಟನ್ ರುಚ್" ಅಂದರು. ವರ್ಷದ ಕೊನೆಗೆ ಎಲ್ಲರೂ ಹೇಳುವ ಶುಭಾಶಯ ಅದು. ಮಾತಿಗೆ ಮಾತು ಇಟ್ಟರೆ, ಚೆನ್ನಾಗಿ ಜಾರಿಕೊಂಡು ಹೋಗು ಅಂತ. ನಾನು ಕಂಬಿ ಗಟ್ಟಿಯಾಗಿ ಹಿಡಿದು, ಪೆಂಗ್ವಿನ್ ಹೆಜ್ಜೆ ಇಡುತ್ತಾ ಮೆಟ್ಟಿಲು ಹತ್ತಿದೆ.