ನೀರ್ ದೋಸೆ, ಕಪ್ಪು ಹಲಗೆ ಮತ್ತು ಬೆಂಗಳೂರಿನ ಮೂಡ್ ಬೋರ್ಡ್

ನೀರ್ ದೋಸೆಯ ಫೋಟೋ ತೆಗೆಯುವುದು ಎಷ್ಟು ಕಷ್ಟ ಅಂತ ತಿನ್ನುವವರಿಗೆ ಗೊತ್ತಿರುವುದಿಲ್ಲ. ದೋಸೆ ಬಿಳಿ. ತಟ್ಟೆ ಬಿಳಿ. ಪಕ್ಕದ ಕಾಯಿ ಚಟ್ನಿಯೂ ಬಿಳಿ. ಮಸಾಲೆ ದೋಸೆಯಾದರೆ ಕೆಂಪು ಬಣ್ಣ ಉಂಟು, ಗರಿಗರಿ ಅಂಚು ಉಂಟು, ಮೇಲೊಂದು ಬೆಣ್ಣೆ ಮುದ್ದೆ ಉಂಟು. ನೀರ್ ದೋಸೆಗೆ ಇರುವುದು ಅದರ ತೂತು ಮಾತ್ರ. ಆ ತೂತು ಕಾಣದಿದ್ದರೆ ಫೋಟೋದಲ್ಲಿ ದೋಸೆಯೇ ಇಲ್ಲ.

ನಾನು ಮಂಗಳೂರಿನಲ್ಲಿ ಹೋಟೆಲ್‌ಗಳ ಮೆನುವಿಗೆ, ಆ್ಯಪ್‌ಗೆ, ಹೊರಗಿನ ಬೋರ್ಡ್‌ಗೆ ಫೋಟೋ ತೆಗೆಯುತ್ತೇನೆ. ಸೀಸನ್ನಿನಲ್ಲಿ ಮದುವೆ, ಮಳೆಗಾಲದಲ್ಲಿ ತಿಂಡಿ. ಹೊಸದಾಗಿ ಈ ಲೈನಿಗೆ ಬಂದವರು ಮೊದಲು ಕೇಳುವುದೇ "ಅಣ್ಣಾ, ಬ್ಯಾಕ್‌ಗ್ರೌಂಡ್ ಯಾವುದು ತೆಗೊಳ್ಳುವುದು?" ಅಂತ. ಆನ್‌ಲೈನಿನಲ್ಲಿ ಮಾರ್ಬಲ್ ಪ್ರಿಂಟು, ಹಳೇ ಮರದ ಪ್ರಿಂಟು, ಸಿಮೆಂಟ್ ಪ್ರಿಂಟು ಎಲ್ಲ ಸಿಗುತ್ತದೆ, ಸುರುಳಿ ಸುತ್ತಿ ಮನೆಗೇ ಕಳಿಸುತ್ತಾರೆ. ಅವರಿಗೆಲ್ಲ ನಾನು ಬಂದರಿನ ಹತ್ತಿರದ ಒಂದು ಹೋಟೆಲಿನ ಶೂಟ್ ಕಥೆ ಹೇಳುತ್ತೇನೆ. ಇಲ್ಲಿಯೂ ಅದನ್ನೇ ಬರೆಯುತ್ತೇನೆ.

ಹಳೇ ಹೋಟೆಲ್. ಹಂಚಿನ ಮಾಡು, ರೆಡ್ ಆಕ್ಸೈಡ್ ನೆಲ, ಹಳದಿ ಸುಣ್ಣದ ಗೋಡೆ. ಧಣಿಗಳ ಮಗ ಹೊಸದಾಗಿ ವ್ಯಾಪಾರಕ್ಕೆ ಇಳಿದಿದ್ದ, ಬೆಂಗಳೂರಿನ ಒಂದು ಏಜೆನ್ಸಿ ಹಿಡಿದಿದ್ದ. ಏಜೆನ್ಸಿಯವರು ನನಗೆ ಮೂಡ್ ಬೋರ್ಡ್ ಕಳಿಸಿದರು, ಅಂದರೆ ಫೋಟೋ ಹೇಗೆ ಕಾಣಬೇಕು ಅಂತ ತೋರಿಸುವ ಮಾದರಿ ಚಿತ್ರಗಳ ಹಾಳೆ. ಎಲ್ಲ ಕಪ್ಪು. ಕಪ್ಪು ಕಲ್ಲಿನ ಮೇಲೆ ಬ್ರೆಡ್ಡು, ಕಪ್ಪು ಕಲ್ಲಿನ ಮೇಲೆ ಅಣಬೆ, ಪಕ್ಕದಲ್ಲಿ ಯಾವುದೋ ಚಳಿ ದೇಶದ ಸೊಪ್ಪು. "ಪ್ರೀಮಿಯಂ ಲುಕ್ ಬೇಕು, ಸೊಪ್ಪಿನ ಬದಲು ಕರಿಬೇವು ಇಡಿ" ಅಂತ ಕೆಳಗೆ ಒಂದು ಸಾಲು. ಮೆನುವಿನಲ್ಲಿ ಇದ್ದದ್ದು ನೀರ್ ದೋಸೆ, ಕೋರಿ ರೊಟ್ಟಿ, ಗೀ ರೋಸ್ಟ್, ಅಂಜಲ್ ಮೀನಿನ ತವಾ ಫ್ರೈ, ಗೋಳಿಬಜೆ, ಬನ್ಸ್, ಗಂಜಿ.

ಆಗಲೇ ಒಂದು ಫೋನ್ ಮಾಡಿ "ಇದು ಆಗುವುದಿಲ್ಲ" ಅನ್ನಬಹುದಿತ್ತು. ಆದರೆ ನನಗೂ ಆಸೆ. ದಿನಾ ಬಿಳಿ ತಟ್ಟೆ, ಬಿಳಿ ಟೇಬಲ್ ನೋಡಿ ಬೇಜಾರಾಗಿತ್ತು. ಪ್ಲೈವುಡ್ ಕೊಯ್ಸಿ, ಮ್ಯಾಟ್ ಕಪ್ಪು ಹೊಡೆಸಿ, ಎರಡು ಹಲಗೆ ಮಾಡಿಸಿದೆ. ಒಂದು ಕೆಳಗೆ, ಒಂದು ಹಿಂದೆ. ಖರ್ಚಾದ ಮೇಲೆ ಆ ಹಲಗೆ ಚಂದ ಕಾಣಲೇಬೇಕು ಅಂತ ಮನಸ್ಸೇ ತೀರ್ಮಾನ ಮಾಡಿಬಿಡುತ್ತದೆ, ಅಲ್ವಾ?

ಬೆಳಿಗ್ಗೆ ಎಂಟಕ್ಕೆ ಸೆಟಪ್. ಕಿಟಕಿ ಪಕ್ಕದ ಟೇಬಲ್ ನಮಗೆ. ಹನ್ನೊಂದೂವರೆಗೆ ಬಿಟ್ಟುಕೊಡಬೇಕು, ಊಟದ ಗಿರಾಕಿ ಬರುತ್ತಾರೆ. ಹೊರಗೆ ಜೋರು ಮಳೆ. ಎರಚಲು ಒಳಗೆ ಬಾರದಂತೆ ಕಿಟಕಿಯ ಹೊರಗೆ ಅರ್ಧಕ್ಕೆ ನೀಲಿ ಟಾರ್ಪಾಲು ಕಟ್ಟಿದ್ದರು. ಅದು ನನ್ನ ಕಣ್ಣಿಗೆ ಬಿದ್ದಿತ್ತು. ಆದರೆ ತಲೆಗೆ ಹೋಗಲಿಲ್ಲ.

ಮೊದಲ ದೋಸೆ ಬಂತು. ಮದುವೆಯ ಅಭ್ಯಾಸದಲ್ಲಿ ಕ್ಯಾಮೆರಾ ಇನ್ನೂ ಅಪರ್ಚರ್ ಮೋಡಿನಲ್ಲೇ ಇತ್ತು, ಅಂದರೆ ಲೆನ್ಸಿನ ಬಾಯಿ ಎಷ್ಟು ತೆರೆಯಬೇಕು ಅಂತ ನಾನು ಹೇಳುವುದು, ಉಳಿದ ಬೆಳಕಿನ ಲೆಕ್ಕ ಅದರದ್ದು. ಬೆಳಕು ಅಳೆಯುವ ಅದರ ಮೀಟರಿಗೆ ಕಂಡದ್ದು ಬರೀ ಕಪ್ಪು ಹಲಗೆ. ಅದಕ್ಕೆ ಎಲ್ಲವೂ ಮಧ್ಯಮ ಬೂದು ಆಗಬೇಕು, ಹಾಗಾಗಿ ಬೆಳಕು ಜಾಸ್ತಿ ಬಿಟ್ಟು ಎಕ್ಸ್‌ಪೋಶರ್ ಎಳೆದು ಮೇಲೆ ಹಾಕಿತು. ಹಲಗೆ ಬೂದಿ ಬಣ್ಣ, ದೋಸೆ ಪೂರ್ತಿ ಸುಟ್ಟು ಬಿಳಿ, ತೂತೆಲ್ಲ ಮಾಯ. ಸರಿ, ಎಲ್ಲ ನಾನೇ ಹೇಳುವ ಎಂ ಮೋಡಿಗೆ ಹಾಕಿ ಒಂದೂವರೆ ಸ್ಟಾಪ್ ಇಳಿಸಿದೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ). ತೂತು ಬಂತು. ಆದರೆ ಅಷ್ಟರಲ್ಲಿ ದೋಸೆಯ ಅಂಚು ಒಣಗಿತು. ನೀರ್ ದೋಸೆ ಕಾವಲಿಯಿಂದ ತೆಗೆದ ಮೇಲೆ ಕೆಲವೇ ನಿಮಿಷ ಚಂದ, ಆಮೇಲೆ ರಬ್ಬರು.

"ಅಣ್ಣಾ, ನೀವು ಎಲ್ಲ ರೆಡಿ ಮಾಡಿ ಹೇಳಿ, ಮತ್ತೆ ಹೊಯ್ತೇನೆ. ಸುಮ್ನೆ ಹಿಟ್ಟು ಹಾಳು" ಅಂದರು ದೋಸೆ ಹೊಯ್ಯುವ ಅಕ್ಕ. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಅವತ್ತಿನಿಂದ ಹಳೇ ದೋಸೆಯನ್ನೇ ಡಮ್ಮಿ ಇಟ್ಟು ಬೆಳಕು, ಹಿನ್ನೆಲೆ, ಫೋಕಸ್ ಎಲ್ಲ ಮುಗಿಸುತ್ತೇನೆ. ಹೀರೋ ದೋಸೆ ಬಂದ ಮೇಲೆ ಬರೀ ಬಟನ್ ಒತ್ತುವುದು.

ಮುಂದೆ ಕೋರಿ ರೊಟ್ಟಿ, ಗೀ ರೋಸ್ಟ್. ಕಡು ಕೆಂಪು ಮಸಾಲೆ, ಕಪ್ಪು ಹಲಗೆ. ಚಿಕನ್ನಿನ ಅಂಚು ಎಲ್ಲಿ ಮುಗಿಯುತ್ತದೆ, ನೆರಳು ಎಲ್ಲಿ ಶುರುವಾಗುತ್ತದೆ ಗೊತ್ತಾಗುವುದಿಲ್ಲ. ಲೈಟ್ ಏರಿಸಿದರೆ ತುಪ್ಪ ಮಿಂಚುತ್ತದೆ, ಹಲಗೆಯ ಮೇಲಿನ ಹಿಟ್ಟಿನ ಧೂಳು, ಎಣ್ಣೆ ಬೆರಳಿನ ಗುರುತು ಎಲ್ಲ ಎದ್ದು ಬರುತ್ತದೆ. ಆದರೂ ಕ್ಯಾಮೆರಾಕ್ಕೆ ವೈರ್ ಹಾಕಿ ಟೆದರ್ ಮಾಡಿದ ಲ್ಯಾಪ್‌ಟಾಪಿನಲ್ಲಿ ನನಗೆ ಭಾರೀ ಚಂದ ಕಂಡಿತು. ಕಾಣದೆ ಇರುತ್ತದಾ? ಲ್ಯಾಪ್‌ಟಾಪಿನ ಮೇಲೆ ಕಪ್ಪು ಬಟ್ಟೆ ಹೊದಿಸಿ, ಬ್ರೈಟ್‌ನೆಸ್ ಪೂರ್ತಿ ಇಟ್ಟು, ಒಳಗೆ ತಲೆ ತೂರಿಸಿ ನೋಡುತ್ತಿದ್ದೆ. "ಸೂಪರ್" ಅಂತ ನಾನೇ ಹೇಳಿಕೊಂಡೆ. ಅಸಿಸ್ಟೆಂಟ್ ಹುಡುಗನೂ "ಸೂಪರ್ ಅಣ್ಣಾ" ಅಂದ. ಅವನ ಸಂಬಳ ಕೊಡುವುದು ನಾನು.

ಹತ್ತೂ ಮುಕ್ಕಾಲಿಗೆ ಧಣಿಗಳು ಬಂದರು. ದೊಡ್ಡವರು, ಮಗ ಅಲ್ಲ. "ನನ್ನ ಮೊಬೈಲಿಗೆ ಹಾಕಿ, ನೋಡುವ" ಅಂದರು. ವಾಟ್ಸಾಪ್ ಮಾಡಿದೆ. ಮಳೆ ಬಿಟ್ಟು ಸ್ವಲ್ಪ ಬಿಸಿಲು ಬಂದಿತ್ತು. ಅವರು ಜಗಲಿಯಲ್ಲಿ ನಿಂತು, ಕನ್ನಡಕ ಮೇಲೆ ಮಾಡಿ, ಫೋನನ್ನು ದೂರ ಹಿಡಿದು ಒಂದೊಂದೇ ಸರಿಸಿದರು. ಎಷ್ಟು ಹೊತ್ತಾದರೂ ಮಾತಿಲ್ಲ. ನಾನು ಟ್ರೈಪಾಡಿನ ಕಾಲು ಬಿಗಿ ಮಾಡುವಂತೆ ನಟಿಸುತ್ತಾ ನಿಂತಿದ್ದೆ.

ಕೊನೆಗೆ ಬಾಯಿ ಬಿಟ್ಟರು. "ಮಾರಾಯ್ರೆ, ಇದೆಂತ ಬೊಜ್ಜದ ಊಟದ ಹಾಗೆ ಕಾಣ್ತದೆ?"

ಬೊಜ್ಜ ಅಂದರೆ ನಮ್ಮಲ್ಲಿ ಸತ್ತವರ ಉತ್ತರಕ್ರಿಯೆ. ಒಳಗೆ ಅಕ್ಕ ಕಿಸಕ್ಕನೆ ನಕ್ಕರು. ನಾನು ಮೂಡ್ ಬೋರ್ಡ್ ಎತ್ತಿದೆ, ಪ್ರೀಮಿಯಂ ಅಂದೆ, ಏಜೆನ್ಸಿ ಅಂದೆ. "ಅವರು ಇಲ್ಲಿ ಬಂದು ಉಣ್ತಾರಾ?" ಅಂತ ಕೇಳಿದರು. ಫೋನ್ ಇಸಕೊಂಡು ಬಿಸಿಲಿನಲ್ಲಿ ನಾನೂ ನೋಡಿದೆ. ಚಿಕ್ಕ ಪರದೆ, ಮೇಲೆ ಬೆಳಕು ಬಿದ್ದಿದೆ, ಕಪ್ಪಿನಲ್ಲಿ ನನ್ನದೇ ಮುಖ. ಗೀ ರೋಸ್ಟ್ ಸೀದುಹೋದ ಹಾಗೆ ಇತ್ತು. ಗಿರಾಕಿ ನೋಡುವುದು ಹೀಗೆ, ಬಸ್ಸಿನಲ್ಲಿ ಕೂತು, ಆ್ಯಪಿನ ಒಂದು ಚಿಕ್ಕ ಚೌಕದಲ್ಲಿ. ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ ಯಾರೂ ಊಟ ಆರ್ಡರ್ ಮಾಡುವುದಿಲ್ಲ. ಬೆಳಿಗ್ಗೆ ಒಂದೇ ಒಂದು ಫ್ರೇಮನ್ನು ನನ್ನ ಫೋನಿಗೆ ಹಾಕಿ ಹೊರಗೆ ಹೋಗಿ ನೋಡಿದ್ದರೆ ಸಾಕಿತ್ತು.

ಉಳಿದದ್ದು ಮುಕ್ಕಾಲು ಗಂಟೆ. ಕೈ ನಡುಗಲು ಶುರುವಾಯಿತು. ಮೊದಲು ಮಾಡಿದ ಕೆಲಸ, ಕಪ್ಪು ತೆಗೆದು ಬಿಳಿ ಫೋಮ್ ಬೋರ್ಡ್ ಹಾಕಿದ್ದು. ದೋಸೆ ಕಾಣೆಯಾಯಿತು. ಮತ್ತೆ ತೆಗೆದೆ. ಹುಡುಗನಿಗೆ ಬಾಳೆಲೆ ತರಲು ಹೇಳಿದೆ. ಇಷ್ಟು ಹೊತ್ತು ಅದು ಯಾಕೆ ಹೊಳೆಯಲಿಲ್ಲ ಅಂದರೆ, ಬಾಳೆಲೆ ಹಳೇ ಫ್ಯಾಶನ್ ಅಂತ ನಾನೂ ಏಜೆನ್ಸಿಯವರೂ ಒಂದೇ ಧಾಟಿಯಲ್ಲಿ ಯೋಚಿಸುತ್ತಿದ್ದೆವು.

ಎಲೆ ಹಾಕಿದ ಕೂಡಲೇ ಹೊಸ ರಗಳೆ. ಮಳೆಯಲ್ಲಿ ನೆನೆದ ಎಲೆ, ಕಿಟಕಿಯ ಹೊಳಪು ಅಡ್ಡಕ್ಕೆ ಬಿಳಿ ಪಟ್ಟಿಯಾಗಿ ಬಿದ್ದಿತು. ಎಲೆಯ ಹಿಂಬದಿ ಅಷ್ಟು ಹೊಳೆಯುವುದಿಲ್ಲ ಅಂತ ನಾನು ಅದನ್ನು ಮಗುಚಿದೆ. ಅಕ್ಕ ಓಡಿ ಬಂದರು. "ಅಯ್ಯೋ ಎಂತ ಮಾಡ್ತೀರಿ? ಎಲೆ ಮಗುಚಿ ಹಾಕಿ ಬಡಿಸ್ತಾರಾ ಯಾರಾದ್ರೂ? ತುದಿಯೂ ಬಲಕ್ಕೆ ಬಂತು!" ಬೊಜ್ಜದ ಮಾತಾದ ಮೇಲೆ ಇದು ಬೇರೆ. ತಿರುಗಿಸಿ, ತುದಿ ಎಡಕ್ಕೆ ಹಾಕಿ, ಒಣ ಬಟ್ಟೆಯಲ್ಲಿ ಒರೆಸಿದೆ. ಲೆನ್ಸಿಗೆ ಪೋಲರೈಸರ್, ಅಂದರೆ ಹೊಳಪು ಕಡಿಮೆ ಮಾಡುವ ಫಿಲ್ಟರ್, ಹಾಕಿ ತಿರುಗಿಸಿದೆ. ಬೆಳಕು ಒಂದೂವರೆ ಸ್ಟಾಪ್ ತಿನ್ನುತ್ತದೆ, ಆದರೆ ಎಲೆಯ ಹೊಳಪು ಇಳಿದು ಒಳಗಿನ ಹಸಿರು ಬಂತು.

ಹಸಿರಿನ ಮೇಲೆ ದೋಸೆ ಇಟ್ಟಾಗಲೇ ಟಾರ್ಪಾಲು ಹೊಳೆದದ್ದು. ಕಪ್ಪಿನ ಮೇಲೆ ಆ ನೀಲಿ ಛಾಯೆ ಮೂಡಿ, ಕೂಲ್, ಅದು ಇದು ಅನ್ನಿಸಿತ್ತು. ಎಲೆಯ ಮೇಲೆ ಇಟ್ಟ ಕೂಡಲೇ ದೋಸೆ ನಿನ್ನೆಯದು ಅನ್ನಿಸಿತು. ಬಣ್ಣ ತಾನೇ ಸರಿ ಮಾಡಬೇಕಾದ ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್‌ಗೆ ಬೈಯುತ್ತಾ ಕೂರುವ ಬದಲು ಹುಡುಗನನ್ನು ಹೊರಗೆ ಕಳಿಸಿ ಹಗ್ಗ ಬಿಚ್ಚಿಸಿದೆ. ಅವನು ಟಾರ್ಪಾಲು ಸುತ್ತಿ ಮೇಲೆತ್ತಿ ಹಿಡಿದುಕೊಂಡೇ ನಿಂತ, ಮಾಡಿನ ನೀರು ಅವನ ತಲೆಯ ಮೇಲೆ. ಬೆಳಕು ಬೆಳ್ಳಗಾಯಿತು.

ಆಮೇಲೆ ಟೇಬಲ್ ತಿರುಗಿಸಿದೆವು. ಕಿಟಕಿ ಎದುರಿನಿಂದ ಅಲ್ಲ, ದೋಸೆಯ ಹಿಂದೆ ಎಡ ಮೂಲೆಯಿಂದ ಬರಬೇಕು. ಆಗ ಒಂದೊಂದು ತೂತಿಗೂ ಒಂದು ಚಿಕ್ಕ ನೆರಳು ಬೀಳುತ್ತದೆ. ಬಲಕ್ಕೆ, ಫ್ರೇಮಿನ ಹೊರಗೆ, ಕಪ್ಪು ಹಲಗೆ ನಿಲ್ಲಿಸಿದೆ. ಅದು ಆ ಬದಿಯ ಬೆಳಕನ್ನು ನುಂಗಿ ದೋಸೆಯ ಮಡಿಕೆಗೆ ತೆಳ್ಳಗೆ ಒಂದು ಗೆರೆ ಕೊಟ್ಟಿತು. ಹಿನ್ನೆಲೆಗೆ ಅಂತ ದುಡ್ಡು ಸುರಿದು ಮಾಡಿಸಿದ ಹಲಗೆ ಕೆಲಸಕ್ಕೆ ಬಂದದ್ದು ಪಕ್ಕದಲ್ಲಿ. ಬಿಳಿ ವಸ್ತುವಿಗೆ ಬೇರೆ ಬಣ್ಣದ ಹಿನ್ನೆಲೆ ಹುಡುಕುವ ಮೊದಲು ಅದರ ಅಂಚಿಗೆ ನೆರಳು ಉಂಟಾ ಅಂತ ನೋಡಬೇಕು. ಅಂಚು ಸಿಕ್ಕಿದರೆ ಬಿಳಿ ತಟ್ಟೆಯ ಮೇಲೂ ದೋಸೆ ಕಾಣುತ್ತದೆ.

ಅಕ್ಕ ಬಿಸಿ ದೋಸೆ ಹೊಯ್ದು ನಾಲ್ಕು ಮಡಿಕೆ ಮಾಡಿ ತಂದಿಟ್ಟರು. ಕೆಲವೇ ಫ್ರೇಮ್. ಆಯಿತು.

ಗೀ ರೋಸ್ಟಿಗೆ ಅದೇ ಎಲೆ ಸಾಕಾಯಿತು. ಹಸಿರಿನ ಮೇಲೆ ಕೆಂಪು ತಾನೇ ಎದ್ದು ಬರುತ್ತದೆ, ಅದರಲ್ಲಿ ನನ್ನ ಜಾಣತನ ಏನಿಲ್ಲ. ಅಂಜಲನ್ನು ಮೇಲಿನಿಂದ ನೇರ ಹೊಡೆದೆ. ಟಾಪ್ ಶಾಟಿನಲ್ಲಿ ಮೀನೂ ಟೇಬಲ್ಲೂ ಹೆಚ್ಚುಕಡಿಮೆ ಒಂದೇ ದೂರ, ಅಪರ್ಚರ್ ಎಷ್ಟು ತೆರೆದರೂ ಹಿನ್ನೆಲೆ ಮಸುಕಾಗುವುದಿಲ್ಲ, ಹಾಗಾಗಿ ಟೇಬಲಿನ ಮೇಲಿನ ಒಂದು ಚಹಾ ಕಲೆಯೂ ಕತ್ತಿಯಂತೆ ಚೂಪಾಗಿ ಬರುತ್ತದೆ. ಒರೆಸುವುದೊಂದೇ ದಾರಿ. ಗೋಳಿಬಜೆ, ಬನ್ಸ್ ಉಬ್ಬಿಕೊಂಡಿರುವ ತಿಂಡಿ. ಅವನ್ನು ಮೇಲಿನಿಂದ ತೆಗೆದರೆ ಬರೀ ಕಂದು ಉರುಟು. ಕೆಳಗೆ ಕೂತು ತೆಗೆಯಬೇಕು. ಕೆಳಗೆ ಕೂತ ಕೂಡಲೇ ಟೇಬಲ್ ಹೋಗಿ ಗೋಡೆ ಹಿನ್ನೆಲೆಯಾಗುತ್ತದೆ, ಗೋಡೆಯ ಸ್ವಿಚ್ ಬೋರ್ಡು, ಕ್ಯಾಲೆಂಡರು, ಕೈ ತೊಳೆಯುವ ಬೇಸಿನ್ನು ಎಲ್ಲ ಸಾಲಾಗಿ ಬಂದು ನಿಲ್ಲುತ್ತವೆ.

ಆ ಹಳದಿ ಗೋಡೆ ಅವತ್ತು ನನ್ನ ಮರ್ಯಾದೆ ಉಳಿಸಿತು. ಕೋರಿ ರೊಟ್ಟಿಯನ್ನು ಹಳೇ ಮರದ ಮೇಜಿನ ಮೇಲೆ ಇಟ್ಟು, ಮೇಜನ್ನು ಗೋಡೆಯಿಂದ ಆರು ಅಡಿ ಮುಂದೆ ಎಳೆದೆ. ಕಿಟಕಿ ಮುಚ್ಚಿ, ಚಿಕ್ಕ ಎಲ್‌ಇಡಿ ಲೈಟನ್ನು ರೊಟ್ಟಿಯ ಮುಂದೆ ಎರಡು ಅಡಿಯಲ್ಲಿ ಇಟ್ಟೆ. ಲೈಟಿನಿಂದ ಗೋಡೆಗೆ ಎಂಟು ಅಡಿ, ಅಂದರೆ ರೊಟ್ಟಿಗಿಂತ ನಾಲ್ಕು ಪಟ್ಟು ದೂರ. ಬೆಳಕು ದೂರದ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ, ಹಾಗಾಗಿ ಗೋಡೆಗೆ ರೊಟ್ಟಿಯ ಬೆಳಕಿನ 16ರಲ್ಲಿ 1 ಪಾಲು. ಗೋಡೆ ಕಡು ಕಂದಾಗಿ ಹಿಂದೆ ಸರಿಯಿತು. ಜಾಸ್ತಿ ಕಪ್ಪಾಯಿತು ಅನ್ನಿಸಿ ಮೇಜನ್ನು ಲೈಟಿನ ಜೊತೆಗೇ ಗೋಡೆಯ ಹತ್ತಿರ ತಳ್ಳಿದೆ, ಎರಡು ಅಡಿಗೆ. ಈಗ ಕಾಲು ಪಾಲು, ಹದವಾದ ಹಳದಿ. ಒಂದು ಗೋಡೆ, ಮೇಜು ತಳ್ಳಿದ ಹಾಗೆ ಬೇರೆ ಬೇರೆ ಬಣ್ಣ. ಸುರುಳಿ ಸುತ್ತಿದ ಪ್ರಿಂಟು ತರಿಸುವವರು ಇದನ್ನು ಒಮ್ಮೆ ಮನೆಯಲ್ಲಿ ಮಾಡಿ ನೋಡಿ.

ಕಾಫಿಯ ಸ್ಟೀಲ್ ಲೋಟದಲ್ಲಿ ಮಾತ್ರ ಸೋತೆ. ಪೋಲರೈಸರಿನ ಆಟ ಲೋಹದ ಮೇಲೆ ನಡೆಯುವುದಿಲ್ಲ. ಲೋಟದ ಹಿಂದೆ ಏನಿದೆ ಅಂತ ನೋಡಿ ನೋಡಿ ಸರಿ ಮಾಡಿದೆ. ಮನೆಗೆ ಬಂದು ದೊಡ್ಡ ಪರದೆಯಲ್ಲಿ ನೋಡಿದರೆ ಲೋಟದ ಹೊಟ್ಟೆಯಲ್ಲಿ ನಾನೇ ನಿಂತಿದ್ದೆ, ಕಿತ್ತಳೆ ಬಣ್ಣದ ಟೀ ಶರ್ಟಿನಲ್ಲಿ. ಸ್ಟೀಲಿಗೆ ಎದುರಿಗೆ ಇರುವುದೂ ಹಿನ್ನೆಲೆಯೇ. ಈಗ ಶೂಟಿಗೆ ಬೂದು ಅಂಗಿ ಬಿಟ್ಟು ಬೇರೆ ಹಾಕುವುದಿಲ್ಲ.

ಹಿನ್ನೆಲೆಯಾಗಿ ಕಪ್ಪು ಹಲಗೆಗೆ ನ್ಯಾಯವಾಗಿ ಸಿಕ್ಕ ಕೆಲಸ ಒಂದೇ, ಗಂಜಿ. ಹಬೆ ಕಾಣಬೇಕಾದರೆ ಹಿಂದೆ ಕತ್ತಲೆ ಬೇಕು, ಬೆಳಕು ಹಿಂದಿನಿಂದ ಬರಬೇಕು. ಬಿಳಿ ಗೋಡೆಯ ಮುಂದೆ ಎಷ್ಟು ಹೊಗೆಯಾಡಿದರೂ ಕ್ಯಾಮೆರಾಕ್ಕೆ ತಣ್ಣಗಿನ ಗಂಜಿಯೇ. ಊಟದ ಗಿರಾಕಿಗಳು ಬಾಗಿಲಲ್ಲಿ ನಿಂತು ನೋಡುತ್ತಿರುವಾಗ ಅದನ್ನು ಮುಗಿಸಿದೆ. ಧಣಿಗಳು ಮತ್ತೆ ಫೋನ್ ಹಿಡಿದು ಜಗಲಿಗೆ ಹೋದರು. "ಹಾಂ, ಈಗ ಹಸಿವಾಗ್ತದೆ" ಅಂದರು.

ಏಜೆನ್ಸಿಯವರಿಗೆ ಎಲ್ಲ ಕಳಿಸಿದೆ. ಉತ್ತರ ಬರಲಿಲ್ಲ. ಕೆಲವು ವಾರ ಕಳೆದು ಆ್ಯಪಿನಲ್ಲಿ ಹೋಟೆಲಿನ ಪೇಜ್ ಬಂತು. ಎಲ್ಲ ತಿಂಡಿಯನ್ನೂ ಕತ್ತರಿಸಿ ಒಂದೇ ನಿಂಬೆ ಹಳದಿಯ ಮೇಲೆ ಅಂಟಿಸಿದ್ದರು. ಎಲೆ ಇಲ್ಲ, ನೆರಳಿಲ್ಲ, ದೋಸೆ ಗಾಳಿಯಲ್ಲಿ ನಿಂತಿದೆ. ಎಲೆಯಿಂದ ಬಿದ್ದ ಹಸಿರು ಛಾಯೆ ಮಾತ್ರ ದೋಸೆಯ ಅಡಿಯಲ್ಲಿ ಹಾಗೇ ಉಂಟು, ಬೂಸಲು ಹಿಡಿದಿದೆ ಅಂತ ಯಾರಾದರೂ ಕಮೆಂಟ್ ಹಾಕಿದರೆ ಆಶ್ಚರ್ಯವಿಲ್ಲ. ಗಂಜಿಯ ಹಬೆಯನ್ನೂ ಕತ್ತರಿಸಿ ಎಸೆದಿದ್ದರು. ಫೋನ್ ಮಾಡಿದರೆ ಯಾರೋ ಹುಡುಗಿ "ಸರ್, ಬ್ಯಾಕ್‌ಗ್ರೌಂಡ್ ರಿಮೂವ್ ಮಾಡೋದು ನಮ್ಮ ಸ್ಟ್ಯಾಂಡರ್ಡ್ ಪ್ರೋಸೆಸ್" ಅಂದಳು. ಹಾಗಾದರೆ ಮೂಡ್ ಬೋರ್ಡ್ ಯಾಕೆ ಕಳಿಸಿದ್ದು ಮಾರಾಯ್ತಿ ಅಂತ ಕೇಳಬೇಕೆಂದಿದ್ದೆ, ಕೇಳಲಿಲ್ಲ. ಪೇಮೆಂಟ್ ಇನ್ನೂ ಬಾಕಿ ಇತ್ತು.

ಈಗ ಕೊಟೇಶನ್ನಿನಲ್ಲೇ ಒಂದು ಸಾಲು ಹಾಕಿದ್ದೇನೆ. ಕತ್ತರಿಸಿ ಅಂಟಿಸುವ ಫೋಟೋ ಬೇಕಾದರೆ ಮೊದಲೇ ಹೇಳಿ, ಬಿಳಿಯ ಮೇಲೆ ಬೇರೆ ತೆಗೆಯುತ್ತೇನೆ, ಅದರ ರೇಟು ಬೇರೆ.