ತನ್ನ ಮುಖ ತಾನೇ ಬರೆದುಕೊಂಡ ಲಾನ್ ಚೇನಿ

ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ರಾಕ್ಷಸ ಪಾತ್ರದ ಬಣ್ಣದ ವೇಷದವರು ಕನ್ನಡಿ ಎದುರಿಟ್ಟುಕೊಂಡು ತಮ್ಮ ಮುಖ ತಾವೇ ಬರೆದುಕೊಳ್ಳುವುದನ್ನು ನಾವೆಲ್ಲ ನೋಡಿದ್ದೇವೆ. ಅಕ್ಕಿ ಹಿಟ್ಟು, ಸುಣ್ಣ ಕಲಸಿದ ಚುಟ್ಟಿಯನ್ನು ಕಡ್ಡಿಯ ತುದಿಯಲ್ಲಿ ಎತ್ತಿ ಒಂದೊಂದೇ ಮುಳ್ಳಾಗಿ ಇಡುತ್ತಾ ಗಂಟೆಗಟ್ಟಲೆ ಕೂರುತ್ತಾರೆ. ಸುಣ್ಣ ಹೆಚ್ಚಾದರೆ ಕೆನ್ನೆ ಉರಿಯುತ್ತದೆ, ಹಿಟ್ಟು ತೆಳುವಾದರೆ ಮುಳ್ಳು ನಿಲ್ಲದೆ ಜಾರುತ್ತದೆ. ಈ ಕಷ್ಟ ಗೊತ್ತಿರುವ ಉಡುಪಿ, ಮಂಗಳೂರಿನವರಿಗೆ ಲಾನ್ ಚೇನಿ ಎಂಬ ಹಾಲಿವುಡ್ ನಟ ಬೇಗ ಅರ್ಥವಾಗುತ್ತಾನೆ. ಮೂಕಿ ಚಿತ್ರಗಳ ಕಾಲದಲ್ಲಿ ಅವನೂ ತನ್ನ ಪೆಟ್ಟಿಗೆ ಬಿಚ್ಚಿ, ತನ್ನ ಮುಖವನ್ನು ತಾನೇ ಬರೆದುಕೊಳ್ಳುತ್ತಿದ್ದ.

ಹುಟ್ಟಿದ್ದು 1883ರ ಏಪ್ರಿಲ್ 1ರಂದು, ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಊರಿನಲ್ಲಿ. ತಂದೆ, ತಾಯಿ ಇಬ್ಬರಿಗೂ ಕಿವಿ ಕೇಳುತ್ತಿರಲಿಲ್ಲ. ಮನೆಯ ಮಾತೆಲ್ಲ ಕೈಯಲ್ಲಿ, ಕಣ್ಣಲ್ಲಿ, ಮುಖದಲ್ಲಿ. ತಾಯಿ ಸಂಧಿವಾತದಿಂದ ಹಾಸಿಗೆ ಹಿಡಿದ ಮೇಲೆ ಊರಿನ ಸುದ್ದಿಯನ್ನೆಲ್ಲ ಮಗ ಅಭಿನಯಿಸಿ ತೋರಿಸುತ್ತಿದ್ದ. ಮೂಕಿ ಚಿತ್ರಕ್ಕೆ ಇದಕ್ಕಿಂತ ದೊಡ್ಡ ಪಾಠಶಾಲೆ ಇಲ್ಲ. ಆಮೇಲೆ ನಾಟಕ ಕಂಪನಿಗಳ ತಿರುಗಾಟ. ಪರದೆ ಎಳೆಯುವುದು, ಸಾಮಾನು ಜೋಡಿಸುವುದು, ಕುಣಿಯುವುದು, ಕುಣಿತ ಕಲಿಸುವುದು, ಹಾಸ್ಯ: ಎಲ್ಲ ಕೆಲಸವೂ ಅವನದೇ. 1913ರಲ್ಲಿ ಸಂಸಾರದ ದುರಂತವೊಂದು ಪತ್ರಿಕೆಗಳಲ್ಲಿ ಬಂದು ನಾಟಕದ ಬಾಗಿಲು ಮುಚ್ಚಿತು. ಹಾಗಾಗಿಯೇ ಸಿನಿಮಾಕ್ಕೆ ಬಂದ. ಯೂನಿವರ್ಸಲ್ ಕಂಪನಿಯಲ್ಲಿ ಐದಾರು ವರ್ಷ ಸಣ್ಣ, ದೊಡ್ಡ ಪಾತ್ರ ಮಾಡಿ, ಸಂಬಳ ಏರಿಸದಿದ್ದಾಗ ಹೊರಬಿದ್ದ.

ಹೆಸರು ಬಂದದ್ದು 1919ರ ‘ದಿ ಮಿರಾಕಲ್ ಮ್ಯಾನ್’ನಿಂದ. ಅದರಲ್ಲಿ ಕೈಕಾಲು ತಿರುಚಿದ ಅಂಗವಿಕಲನಂತೆ ನಟಿಸಿ ಜನರನ್ನು ವಂಚಿಸುವವನ ಪಾತ್ರ. ಪವಾಡ ಪುರುಷನ ಎದುರು ತೆವಳುತ್ತಾ ಬಂದು, ಒಂದೊಂದೇ ಕೀಲು ಬಿಡಿಸಿಕೊಂಡು ಎದ್ದು ನಿಲ್ಲಬೇಕು. ಆ ಚಿತ್ರದ ಬಹುಭಾಗ ಕಳೆದುಹೋಗಿದೆ. ಅದೃಷ್ಟಕ್ಕೆ ಈ ದೃಶ್ಯ ಉಳಿದ ತುಣುಕುಗಳಲ್ಲಿದೆ. ಇದನ್ನು ನೋಡದೆ ಚೇನಿಯ ಮೇಕಪ್ ಬಗ್ಗೆ ಮಾತಾಡಬಾರದು ಎನ್ನುವಷ್ಟು ನನಗೆ ಇದು ಮುಖ್ಯ. ಮುಖದಲ್ಲಿ ಹೇಳಿಕೊಳ್ಳುವಂಥ ಬಣ್ಣವಿಲ್ಲ. ಕೆಲಸವೆಲ್ಲ ಹೆಗಲು, ಸೊಂಟ, ಮಂಡಿಯದ್ದು. ಮೈ ಮೊದಲು ಪಾತ್ರವಾಗಬೇಕು, ಬಣ್ಣ ಆಮೇಲೆ ಬರಬೇಕು ಎಂಬುದು ಅವನ ಎಲ್ಲ ವೇಷಗಳಲ್ಲೂ ಕಾಣುವ ಕ್ರಮ.

ಇನ್ನು ಬಣ್ಣಕ್ಕೆ ಬರೋಣ. ಆ ಕಾಲದ ಹೆಚ್ಚಿನ ಚಿತ್ರಗಳ ಫಿಲ್ಮ್ ಆರ್ಥೊಕ್ರೋಮ್ಯಾಟಿಕ್. ಅದಕ್ಕೆ ನೀಲಿ, ಹಸಿರು ಕಾಣುತ್ತದೆ, ಕೆಂಪು ಕಾಣುವುದಿಲ್ಲ. ಕೆಂಪು ತುಟಿ ಕಪ್ಪಾಗಿ ಬೀಳುತ್ತದೆ, ನೀಲಿ ಕಣ್ಣು ಬೆಳ್ಳಗಾಗಿ ಬೀಳುತ್ತದೆ. ನಾಟಕದಲ್ಲಿ ಕೆನ್ನೆಗೆ ಕಳೆ ಕೊಡುವ ಕೆಂಪು ಹಚ್ಚಿ ಕ್ಯಾಮೆರಾ ಮುಂದೆ ನಿಂತರೆ ಕೆನ್ನೆಯಲ್ಲಿ ಗುಂಡಿ ಬಿದ್ದ ಹಾಗೆ ಕಾಣುತ್ತದೆ. ನಾಟಕದಿಂದ ಬಂದ ಎಷ್ಟೋ ನಟರ ಮುಖ ಪರದೆಯ ಮೇಲೆ ಕೆಟ್ಟದ್ದು ಇದರಿಂದಲೇ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಕೋಣೆ ಕತ್ತಲು ಮಾಡಿ, ನೀಲಿ ಹಸಿರು ಎಲ್‌ಇಡಿ ಮಾತ್ರ ಉರಿಸಿ, ಕುಂಕುಮ ಇಟ್ಟ ಹಣೆಯನ್ನು ಕನ್ನಡಿಯಲ್ಲಿ ನೋಡಿ. ಕುಂಕುಮ ಕಪ್ಪಾಗಿರುತ್ತದೆ. ಪುರಭವನದ ನಾಟಕದಲ್ಲಿ ರಾಕ್ಷಸ ಬರುವಾಗ ಕೆಂಪು ದೀಪ ಹಾಕಿದರೆ ಮುಖದ ಕೆಂಪು ಗೆರೆಗಳೆಲ್ಲ ಮಾಯವಾಗುವುದು ಇದರದೇ ಇನ್ನೊಂದು ಮುಖ. ಬೆಳಕಿನವರನ್ನು ಕೇಳದೆ ಬಣ್ಣ ಆರಿಸಬೇಡಿ.

1925ರ ‘ದಿ ಫ್ಯಾಂಟಮ್ ಆಫ್ ದಿ ಅಪೆರಾ’ದ ಮುಖ ಈ ಲೆಕ್ಕಾಚಾರದ ಫಲ. ತಲೆಬುರುಡೆಯಂತೆ ಕಾಣಬೇಕಾದ ಮುಖ. ಕಣ್ಣಿನ ಸುತ್ತ ಗಾಢ ಬಣ್ಣ, ಮೂಗಿನ ತುದಿಯನ್ನು ಮೇಲಕ್ಕೆ ಎಳೆದು ಕಟ್ಟಿ ಹೊಳ್ಳೆಗಳ ಅಂಚಿಗೆ ಕಪ್ಪು, ಹಣೆ ಎತ್ತರಿಸಲು ತಲೆಗೆ ಟೊಪ್ಪಿ, ಬಾಯಿಯೊಳಗೆ ಕೃತಕ ಹಲ್ಲು. ಆರ್ಗನ್ ನುಡಿಸುತ್ತಾ ಕೂತವನ ಹಿಂದಿನಿಂದ ನಾಯಕಿ ಮುಖವಾಡ ಕೀಳುತ್ತಾಳೆ. ಅವಳು ಹಿಂದೆ ಇರುವುದರಿಂದ ಆ ಮುಖ ಮೊದಲು ಕಾಣುವುದು ನಮಗೆ, ಆಮೇಲೆ ಅವಳಿಗೆ. ಬಣ್ಣದ ವೇಷದ ಒಡ್ಡೋಲಗದಲ್ಲಿ, ಅಂದರೆ ರಂಗ ಪ್ರವೇಶದಲ್ಲಿ, ತೆರೆ ಹಿಡಿದು, ಕಿರೀಟದ ತುದಿ ತೋರಿಸಿ, ಮುಖವನ್ನು ತಡೆತಡೆದು ಬಿಟ್ಟುಕೊಡುತ್ತಾರಲ್ಲ, ಆ ಜಾಣತನ ಇಲ್ಲೂ ಇದೆ. ನಮ್ಮ ಕಡೆ ಈ ಮುಖವನ್ನು ನಾಟಕಕ್ಕೋ ಫ್ಯಾನ್ಸಿ ಡ್ರೆಸ್‌ಗೋ ನಕಲು ಮಾಡುವವರು ಫೋಟೊ ನೋಡಿ ಕಣ್ಣಿನ ಗುಂಡಿಗೆ ಬರೀ ಕಪ್ಪು ತುಂಬುತ್ತಾರೆ. ಬಣ್ಣದ ಬೆಳಕಿನಲ್ಲಿ ಅದು ಮಸಿ ಮೆತ್ತಿದಂತೆ ಕಾಣುತ್ತದೆ. ಮೊದಲು ಕಂದು, ಅದರೊಳಗೆ ಕಡು ಮರೂನ್, ತೀರಾ ಆಳದಲ್ಲಿ ಮಾತ್ರ ಕಪ್ಪು. ಅಂಚನ್ನು ಬೆರಳಿನಿಂದ ಹೊರಕ್ಕೆ ಕರಗಿಸಬೇಕು.

ಚೇನಿ ಬಳಸಿದ ಕೊಲೋಡಿಯನ್ ಎಂಬ ಮೇಕಪ್ ದ್ರವ ಇಂದಿಗೂ ಸಿಗುತ್ತದೆ. ಅದು ಒಣಗುವಾಗ ಕುಗ್ಗಿ ಚರ್ಮವನ್ನು ಎಳೆಯುತ್ತದೆ, ಹಳೆಯ ಗಾಯದ ಕಲೆಯಂಥ ತಗ್ಗು ಬೀಳುತ್ತದೆ. ಚರ್ಮವನ್ನು ಸ್ಪಿರಿಟ್‌ನಲ್ಲಿ ಒರಸಿ ಪೂರ್ತಿ ಒಣಗಿಸಿ, ಬ್ರಷ್‌ನಲ್ಲಿ ಒಂದೇ ಗೆರೆ ಎಳೆದು, ಒಣಗಿದ ಮೇಲೆ ಅದರ ಮೇಲೆಯೇ ಇನ್ನೊಂದು. ಮೂರು ನಾಲ್ಕು ಪದರಕ್ಕೆ ಕಲೆ ಮೂಡುತ್ತದೆ. ‘ಫ್ಲೆಕ್ಸಿಬಲ್’ ಎಂದು ಬರೆದ ಬಾಟಲಿ ತಂದರೆ ಎಷ್ಟು ಪದರ ಹಚ್ಚಿದರೂ ಏನೂ ಆಗುವುದಿಲ್ಲ. ಅದರಲ್ಲಿ ಹರಳೆಣ್ಣೆ, ಕರ್ಪೂರ ಸೇರಿರುವುದರಿಂದ ಕುಗ್ಗುವುದಿಲ್ಲ. ಕಣ್ಣಿನ ಹತ್ತಿರ ಬೇಡ. ಒಂದೇ ಜಾಗಕ್ಕೆ ದಿನಾ ಹಚ್ಚಿದರೆ ಕಲೆ ನಿಜವಾಗಿಯೇ ಉಳಿಯುತ್ತದೆ. ಹಿಂದಿನ ದಿನ ಮುಂಗೈಗೆ ಒಂದು ಹನಿ ಹಚ್ಚಿ ನೋಡಿಕೊಳ್ಳಿ. ಅದರಲ್ಲಿ ಈಥರ್ ಇರುತ್ತದೆ, ಬೆಂಕಿಗೆ ಥಟ್ಟನೆ ಹತ್ತುತ್ತದೆ. ದೇವರ ದೀಪ ಉರಿಯುವ ಚೌಕಿಯಲ್ಲಿ ಆ ಬಾಟಲಿ ಬಿಚ್ಚಲೇಬೇಡಿ.

ಮೂಗಿನ ಆಕಾರ ತಿದ್ದಲು ಮೆತ್ತುವ ಮೇಣದಂಥ ಪುಟ್ಟಿಗೆ ನಮ್ಮ ಕರಾವಳಿಯ ಬೆವರೇ ಶತ್ರು. ಮೇ ತಿಂಗಳಿನಲ್ಲಿ ನೇರವಾಗಿ ಅಂಟಿಸಿದರೆ ಮೊದಲ ಅಂಕ ಮುಗಿಯುವುದರೊಳಗೆ ಜಾರುತ್ತದೆ. ಮೊದಲು ಸ್ಪಿರಿಟ್ ಗಮ್ ಎಂಬ ಮೇಕಪ್ ಅಂಟು ಹಚ್ಚಿ, ಬೆರಳಿಗೆ ಅಂಟುವ ಹದಕ್ಕೆ ಬರುವವರೆಗೆ ತಟ್ಟಿ, ಹತ್ತಿಯ ಎಳೆ ತೆಳ್ಳಗೆ ಕೂರಿಸಿ, ಅದರ ಮೇಲೆ ಹುಣಸೆ ಬೀಜದಷ್ಟು ಪುಟ್ಟಿ. ಮೂಗಿನ ಮೂಳೆಯ ಭಾಗಕ್ಕೆ ಮಾತ್ರ. ಹೊಳ್ಳೆಗೂ ಕೆನ್ನೆಗೂ ಹಬ್ಬಿಸಿದರೆ ನಕ್ಕಾಗ ಬಿರುಕು ಬಿಡುತ್ತದೆ.

ಚೇನಿಯ ಎರಡು ವೇಷಗಳನ್ನು ಮಾತ್ರ ಯಾರೂ ಅನುಕರಿಸಬಾರದು. 1920ರ ‘ದಿ ಪೆನಾಲ್ಟಿ’ಯಲ್ಲಿ ಕಾಲಿಲ್ಲದವನಾಗಲು ಕಾಲುಗಳನ್ನು ಹಿಂದಕ್ಕೆ ಮಡಚಿ ಬಿಗಿದು, ಮಂಡಿಗಳನ್ನು ಚರ್ಮದ ಬಟ್ಟಲುಗಳಲ್ಲಿ ಇಟ್ಟು ನಡೆದ. ಉದ್ದ ಕೋಟು ಹಿಂಭಾಗವನ್ನು ಮುಚ್ಚುತ್ತಿತ್ತು. ರಕ್ತ ನಿಂತು ಕಾಲು ಜೋಮು ಹಿಡಿಯುವುದರಿಂದ ಪದೇಪದೇ ಬಿಚ್ಚಬೇಕಾಗುತ್ತಿತ್ತು. 1923ರ ‘ದಿ ಹಂಚ್‌ಬ್ಯಾಕ್ ಆಫ್ ನೋಟ್ರ್ ಡೇಮ್’ನ ಗೂನು ಪ್ಲಾಸ್ಟರ್‌ನದು. 70 ಪೌಂಡ್ ಎಂಬುದು ಪ್ರಚಾರದ ಮಾತು. 20 ಪೌಂಡ್, ಅಂದರೆ 9 ಕಿಲೊ, ನಂಬಬಹುದಾದ ಲೆಕ್ಕ. ಅದೇ ಕಡಿಮೆಯಲ್ಲ. ಇಂದು ಫೋಮ್ ಇರುವಾಗ ಬೆನ್ನು ಮುರಿದುಕೊಳ್ಳುವ ಅಗತ್ಯವಿಲ್ಲ. ಆದರೆ ಹಗುರ ಗೂನು ಕಟ್ಟಿಕೊಂಡವನು ನೆಟ್ಟಗೆ ನಡೆದುಬಿಡುತ್ತಾನೆ. ಭಾರವಿದೆ ಎಂಬುದನ್ನು ಮಂಡಿಯಲ್ಲಿ ತೋರಿಸಲು ಅಭ್ಯಾಸ ಬೇಕು.

1929ರ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದಲ್ಲಿ ಸಿನಿಮಾ ಮೇಕಪ್ ಬಗ್ಗೆ ಬರೆದವನು ಚೇನಿಯೇ. ಅವನ ಮೇಕಪ್ ಪೆಟ್ಟಿಗೆ ಲಾಸ್ ಏಂಜಲಿಸ್‌ನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಸೇರಿದೆ.

ಟಾಕಿ ಬಂದಾಗ ಅವನು ತಡೆದೇ ಹೆಜ್ಜೆ ಇಟ್ಟ. ಮಾತಾಡಿದ್ದು ಒಂದೇ ಚಿತ್ರದಲ್ಲಿ, ತನ್ನದೇ 1925ರ ಮೂಕಿ ‘ದಿ ಅನ್‌ಹೋಲಿ ತ್ರೀ’ಯ 1930ರ ಮರುರೂಪದಲ್ಲಿ. ಅದರಲ್ಲಿ ಅಜ್ಜಿಯ ವೇಷ ಹಾಕುವ ಕಳ್ಳನ ಪಾತ್ರ. ಬಿಳಿ ವಿಗ್, ಹೆಂಗಸಿನ ಉಡುಪು, ಬಾಗಿದ ಬೆನ್ನು, ಅಷ್ಟೇ. ನಮ್ಮ ಒಳ್ಳೆಯ ಸ್ತ್ರೀವೇಷದವರ ಹಾಗೆ ನಿಲುವಿನಲ್ಲೇ ಹೆಂಗಸಾಗುತ್ತಾನೆ. ಚಿತ್ರದಲ್ಲಿ ತನ್ನ ಪಾಲಿಗೆ ಬಂದ ಐದು ಬಗೆಯ ದನಿಗಳೂ ತನ್ನವೇ ಎಂದು ಪ್ರಮಾಣಪತ್ರಕ್ಕೆ ಸಹಿಯನ್ನೂ ಹಾಕಿಕೊಟ್ಟಿದ್ದ. ಕೊನೆಗೆ ನ್ಯಾಯಾಲಯದ ಕಟಕಟೆಯಲ್ಲಿ ಅಜ್ಜಿಯ ದನಿ ಜಾರಿ ಗಂಡು ದನಿ ಹೊರಬೀಳುತ್ತದೆ. ಮುಖದ ವೇಷ ಹಾಗೇ ಇರುತ್ತದೆ, ಗುಟ್ಟು ರಟ್ಟಾಗುವುದು ಗಂಟಲಿನಿಂದ. ಆಗ ಅವನಿಗೆ ಶ್ವಾಸಕೋಶದ ಕ್ಯಾನ್ಸರ್. ಚಿತ್ರ ತೆರೆಗೆ ಬಂದು ಕೆಲವೇ ವಾರಗಳಲ್ಲಿ, 1930ರ ಆಗಸ್ಟ್ 26ರಂದು, ಗಂಟಲಿನ ರಕ್ತಸ್ರಾವದಿಂದ ತೀರಿಕೊಂಡ. ವಯಸ್ಸು 47.