ಎಷ್ಟಡಿ ಹೋದ್ರಿ? ಹದಿನಾರು. ಸಾಕಾ?

ಬೋರ್‌ವೆಲ್ ಕೊರೆಸಿದವರನ್ನು ಕೇಳುವ ಧಾಟಿಯಲ್ಲೇ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ಸ್ಕೂಬಾ ಡೈವಿಂಗ್ ಮಾಡಿ ಬಂದ ನನ್ನನ್ನೂ ಕೇಳುತ್ತಾರೆ: "ಸಮುದ್ರದಲ್ಲಿ ಎಷ್ಟಡಿ ಹೋದ್ರಿ?" ಹದಿನಾರು ಎಂದರೆ ಮುಖ ಸಪ್ಪಗಾಗುತ್ತದೆ. "ಅಷ್ಟೇನಾ? ನಮ್ ತೋಟದ ಹಾಳುಬಾವೀನೇ ಅದಕ್ಕಿಂತ ಆಳ ಐತೆ!"

ಇರಲಿ ಬಿಡಿ. ಕೋಲಾರದಲ್ಲಿ 1200 ಅಡಿ ಕೊರೆದರೂ ಧೂಳೇ ಬರುವುದುಂಟು. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳ. ಅಲ್ಲಿ ರೀಫ್ ಎಂದರೆ ಚಿನ್ನ ಹೊತ್ತ ಬಿಳಿಕಲ್ಲಿನ ಪಟ್ಟೆ, ಬೆನ್ನಟ್ಟಿ ಇಳಿಯಲೇಬೇಕಿತ್ತು. ನಾನು ನೋಡಲು ಹೋಗುವ ರೀಫ್ ಹವಳದ್ದು. ಹವಳದ ಮೈಯೊಳಗಿನ ಪಾಚಿ ಬಿಸಿಲಿನಿಂದ ಅದಕ್ಕೆ ಅನ್ನ ಬೇಯಿಸಿ ಹಾಕುತ್ತದೆ. ಬಿಸಿಲು ಇರುವುದು ಮೇಲೆ. ಸಂತೆಯೂ ಅಲ್ಲೇ.

ಗಾಳಿಯ ಲೆಕ್ಕ ನೋಡಿ. 12 ಲೀಟರಿನ ಸಿಲಿಂಡರಿಗೆ 200 ಬಾರ್ ಒತ್ತಡದಲ್ಲಿ ಗಾಳಿ ತುಂಬಿದರೆ ಸುಮಾರು 2400 ಲೀಟರ್. ಕೊನೆಯ 50 ಬಾರ್ ಮುಟ್ಟಬಾರದು, ಉಳಿದದ್ದು 1800. ದಡದಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ ನನ್ನ ಹದಿನಾರು ಅಡಿಯಲ್ಲಿ, ಅಂದರೆ ಸುಮಾರು 5 ಮೀಟರ್ ಆಳದಲ್ಲಿ 30 ಬೇಕು, 30 ಮೀಟರಿನಲ್ಲಿ 80. ಇಲ್ಲಿ ಒಂದು ಗಂಟೆ, ಅಲ್ಲಿ 22 ನಿಮಿಷ. ಆಳದಲ್ಲಿ ಕೆಂಪು ಬಣ್ಣವೂ ಕಾಣುವುದಿಲ್ಲ.

"ಹಂಗಾದ್ರೆ ಸುಲಭ ಬಿಡಿ" ಎನ್ನುವವರು ಇನ್ನೂ ಅಪಾಯದವರು. 5 ಮೀಟರಿನಲ್ಲಿ ತುಂಬಿಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಒಂದೂವರೆ ಪಟ್ಟು ಹಿಗ್ಗುತ್ತದೆ. ಉಸಿರು ಬಿಗಿಹಿಡಿದು ಎದ್ದರೆ ಶ್ವಾಸಕೋಶ ಹರಿಯಬಹುದು. ನೇತ್ರಾಣಿ ದ್ವೀಪಕ್ಕಾದರೆ ಮುರುಡೇಶ್ವರದಿಂದ ದೋಣಿ ಇದೆ. ಅಂಡಮಾನಿನ ಸ್ವರಾಜ್ ದ್ವೀಪ, ಅಂದರೆ ಹಿಂದಿನ ಹ್ಯಾವ್‌ಲಾಕ್‌ನ ನೆಮೋ ರೀಫ್‌ನಂಥ ಕಡೆ ದಡದಿಂದಲೇ ನಡೆದು ಇಳಿಯಬೇಕು. ಮೊದಲು ಹತ್ತು ಹದಿನೈದು ನಿಮಿಷ ಸುಮ್ಮನೆ ನಿಂತು ಅಲೆ ನೋಡಿ. ದೊಡ್ಡವು ಗುಂಪಾಗಿ ಬರುತ್ತವೆ, ನಡುವೆ ಬಿಡುವು ಸಿಗುತ್ತದೆ. ಮಾಸ್ಕ್ ಕಣ್ಣಿಗೆ, ಗಾಳಿ ಕೊಡುವ ರೆಗ್ಯುಲೇಟರ್ ಬಾಯಿಗೆ, ಕಾಲಿನ ಈಜುರೆಕ್ಕೆ ಅಂದರೆ ಫಿನ್ ಕೊನೆಗೆ, ಜೊತೆಗಾರರ ಭುಜ ಹಿಡಿದು. ಫಿನ್ ಹಾಕಿದ ಮೇಲೆ ಮುಂದಕ್ಕೆ ನಡೆದರೆ ಮುಗ್ಗರಿಸುವುದು ಖಂಡಿತ. ಹಿಮ್ಮುಖವಾಗಿ, ಕಾಲೆತ್ತದೆ ಮರಳಿನಲ್ಲಿ ಉಜ್ಜುತ್ತ ಹೋಗಿ. ಮರಳಲ್ಲಿ ಹುದುಗಿದ, ಬಾಲದಲ್ಲಿ ಮುಳ್ಳಿರುವ ತೊರಕೆ ಮೀನು ತಾನೇ ಸರಿದುಕೊಳ್ಳುತ್ತದೆ. ಬಿದ್ದರೆ ಏಳಲು ಹೆಣಗಬೇಡಿ, ಬಿದ್ದಲ್ಲಿಂದಲೇ ಈಜಿ. ಹೋಗುವಾಗ ಸೆಳವಿಗೆ ಎದುರಾಗಿ ಹೋದರೆ ದಣಿದು ಬರುವಾಗ ಅದೇ ತಳ್ಳಿಕೊಂಡು ಬರುತ್ತದೆ.

ಆಳದ ಬದಲು ಒಂದೇ ಕಡೆ ಎಷ್ಟು ಹೊತ್ತು ಇದ್ರಿ ಎಂದು ಯಾರಾದರೂ ಕೇಳಬಾರದೇ? ಹವಳದ ಅಂಚಿನ ಮರಳಿನಲ್ಲಿ ಹೆಬ್ಬೆರಳು ಹೋಗುವಷ್ಟು ಬಿಲ, ಬಾಗಿಲಲ್ಲಿ ಗೋಬಿ ಮೀನು (ಮಂಚೂರಿಯಲ್ಲ). ಎರಡು ಮೀಟರ್ ದೂರದಲ್ಲೇ ತೇಲುತ್ತ ನಿಲ್ಲಿ, ಮೇಲಿನಿಂದ ನೆರಳು ಬೀಳಬಾರದು. ಐದು ನಿಮಿಷ ಕದಲದಿದ್ದರೆ ಒಳಗಿನಿಂದ ಸಿಗಡಿಯೊಂದು ಮರಳು ತಳ್ಳಿಕೊಂಡು ಹೊರಬರುತ್ತದೆ, ಥೇಟು ನಮ್ಮ ಜೆಸಿಬಿ. ಕಣ್ಣು ಮಂದ, ಹಾಗಾಗಿ ಹೊರಗಿದ್ದಷ್ಟು ಹೊತ್ತೂ ಒಂದು ಮೀಸೆ ಗೋಬಿಯ ಮೈಮೇಲೆ. ಗೋಬಿ ಬಾಲ ಅದುರಿಸಿತೋ, ಸಿಗಡಿ ಒಳಗೆ. ಹೆಚ್ಚಾಗಿ ಬಾಲ ಅದುರುವುದು ನೀವು ಉಸಿರು ಜೋರಾಗಿ ಬಿಟ್ಟು ಗುಳ್ಳೆ ಎಬ್ಬಿಸಿದಾಗ. ಮತ್ತೆ ಐದು ನಿಮಿಷ ಕಾಯಿರಿ. ಗೇಜ್ 100 ಬಾರ್ ತೋರಿಸುವವರೆಗೆ ದಡದತ್ತ ತಿರುಗುವ ಅವಸರವಿಲ್ಲ.